ಇಲ್ಲದಾವ

ಜನವರಿ 21, ಬೆಳಿಗ್ಗೆ 6.10. ಜೇಕಿನಕೊಪ್ಪದ ಕೆರೆಯ ಏಳನೇ ಕಂಬ ಎಂದಿನಂತೆ ಒಮ್ಮೆ ಗಂಟೆ ಬಾರಿಸಿ, "ಹಕ್ಕಿ ಇವೆಯೇ?" ಎಂದು ಕೇಳಿತು. ನಾಲ್ಕು ಸೆಕೆಂಡಿನ ಬಳಿಕ ಜೇಕಿನೊಳಗಿನಿಂದ ಒಂದು ಹೆಣ್ಣುದನಿ ಉತ್ತರ ಕೊಟ್ಟಿತು. ಕಂಬ ಆ ದನಿಯನ್ನು ನಿಂಬೆವ್ವ ಬಾರಕೇರ, ವಯಸ್ಸು 61, ಎಂದು ಗುರುತಿಸಿತು. ನಿಂಬೆವ್ವ ತೀರಿಕೊಂಡು ಅಂದಿಗೆ ಹದಿನೇಳು ದಿನವಾಗಿತ್ತು.

ಸಾವಿನ ಸುದ್ದಿ ಕಂಬಕ್ಕೆ ಮುಟ್ಟಿರಲಿಲ್ಲ.

ಜೇಕಿನಕೊಪ್ಪ ಗದಗಿನಿಂದ ಪೂರ್ವಕ್ಕೆ ಒಂದೂವರೆ ಗಂಟೆ ದಾರಿ. ಕೆರೆ ಇನ್ನೂರ ಹತ್ತು ಎಕರೆ. ಅದರಲ್ಲಿ ಅರ್ಧದಷ್ಟು ಜೇಕು. ಆಳೆತ್ತರಕ್ಕೆ ಬೆಳೆಯುವ, ಮೂರು ಮೂಲೆ ಕಾಂಡದ ಈ ಹುಲ್ಲನ್ನು ಕೊಯ್ದು, ಸೀಳಿ, ಒಣಗಿಸಿ ಊರಿನ ಮೂವತ್ತು ಮನೆಯವರು ಚಾಪೆ ಹೆಣೆಯುತ್ತಾರೆ. ಅದೇ ಜೇಕಿನಲ್ಲಿ ಒಂದು ಹಕ್ಕಿ ಇದೆ. ಪುಸ್ತಕದಲ್ಲಿ ಅದರ ಹೆಸರು ಜೇಕುಲಿ, ಊರವರ ಬಾಯಲ್ಲಿ ಚಾಪಿಗುಬ್ಬಿ. ತೂಕ ಹತ್ತು ಗ್ರಾಂ. ಒಣಹುಲ್ಲಿನ ಬಣ್ಣ, ಬೆನ್ನ ಮೇಲೆ ಗೆರೆ. ಒಂದು ಕಾಲಲ್ಲಿ ಒಂದು ಕಾಂಡ, ಇನ್ನೊಂದು ಕಾಲಲ್ಲಿ ಪಕ್ಕದ ಕಾಂಡ ಹಿಡಿದು ನಡುವೆ ತೂಗುತ್ತಾ ಕೂರುತ್ತದೆ. ಮೂರು ಕಾಂಡಗಳಿಗೆ ಕಟ್ಟಿ ಗೂಡು ಹೆಣೆಯುತ್ತದೆ. ಬೇರೆ ಯಾವ ಕೆರೆಯಲ್ಲೂ ಇದುವರೆಗೆ ಕಂಡಿಲ್ಲ.

ಜೌಗು ಕಾಯ್ದೆ ಬಂದು ಒಂಬತ್ತು ವರ್ಷವಾಗಿತ್ತು. ಕಾಯ್ದೆಯ ಪ್ರಕಾರ ಪ್ರತಿ ಕೆರೆಗೂ ಒಂದು ಗುರುತಿನ ಜೀವಿ. ಅದು ಇರುವವರೆಗೆ ಕೆರೆಯ ನೀರನ್ನು ಯಾರೂ ಬೇರೆಡೆಗೆ ಒಯ್ಯುವಂತಿಲ್ಲ. ಸತತ ಅರವತ್ತು ದಿನ ಅದು ಇಲ್ಲವೆಂದು ದಾಖಲಾದರೆ ಕೆರೆ 'ಖಾಲಿ' ಎಂದು ಘೋಷಣೆಯಾಗುತ್ತದೆ. ಮರುದಿನ ತೂಬು ತೆರೆದು ನೀರನ್ನು ಬೇರೆ ಕೆಲಸಕ್ಕೆ ಕೊಡಬಹುದು. ಜೇಕಿನಕೊಪ್ಪದ ನೀರಿಗೆ ಹನ್ನೆರಡು ಕಿಲೋಮೀಟರ್ ದೂರದ ಕೈಗಾರಿಕಾ ಪ್ರದೇಶದವರು ಆಗಲೇ ಪೈಪು ಹಾಕಿ ಕಾಯುತ್ತಿದ್ದರು.

ಹಕ್ಕಿ ಇದೆಯೋ ಇಲ್ಲವೋ ಎಂದು ತಿಳಿಯಲು ಕೆರೆಯ ಸುತ್ತ ಹನ್ನೊಂದು ಕಂಬ ನೆಟ್ಟಿದ್ದರು. ಪ್ರತಿ ಕಂಬದಲ್ಲೂ ಎರಡು ಕಿವಿ. ಒಂದು ಹಕ್ಕಿಯ ದನಿ ಹಿಡಿಯಲು, ಇನ್ನೊಂದು ಮನುಷ್ಯರ ಮಾತು ಹಿಡಿಯಲು. ಎರಡನೆಯದರ ಅಗತ್ಯ ಬಿದ್ದದ್ದು ಜೇಕುಲಿಯ ಸ್ವಭಾವದಿಂದ. ಅದು ಹಾಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಉಳಿದ ಎಂಟು ತಿಂಗಳು ಹಾಡದೆ, ಹಾರದೆ ಜೇಕಿನ ಬುಡದಲ್ಲಿ ಓಡಾಡಿಕೊಂಡಿರುತ್ತದೆ. ಆಗ ಅದನ್ನು ಕಾಣುವವರು ಜೇಕು ಕೊಯ್ಯುವ ಹೆಂಗಸರು ಮಾತ್ರ. ಹಾಗಾಗಿ ಅವರಲ್ಲೊಬ್ಬರನ್ನು ಸಾಕ್ಷಿಯಾಗಿ ನೇಮಿಸಿ, ಅವರ ದನಿಯ ಗುರುತನ್ನು ಕಂಬಕ್ಕೆ ಕಲಿಸಿದ್ದರು. ಐದು ವರ್ಷದಿಂದ ನಿಂಬೆವ್ವ ಬೆಳಿಗ್ಗೆ ನೀರಿಗಿಳಿಯುವ ಮುನ್ನ ಏಳನೇ ಕಂಬಕ್ಕೆ ಉತ್ತರ ಕೊಡುತ್ತಿದ್ದಳು. ಹಿಂದೆಲ್ಲ ಅದನ್ನು ಕೇಳಿ ಬರೆದುಕೊಳ್ಳುತ್ತಿದ್ದವರು ಅದೇ ಸೀಮೆಯ, ರೋಣದ ಕಡೆಯ ಒಬ್ಬ ಗುಮಾಸ್ತ. ಅವರು ನಿವೃತ್ತರಾದ ಮೇಲೆ, ಡಿಸೆಂಬರ್ 1ರಿಂದ, ಆ ಕೆಲಸಕ್ಕೆ ಒಂದು ಬರಹಯಂತ್ರ ಬಂತು. ಪತ್ರಿಕೆ, ಪುಸ್ತಕಗಳನ್ನು ಓದಿಸಿ ಅದಕ್ಕೆ ಕನ್ನಡ ಕಲಿಸಲಾಗಿತ್ತು.

*

ಮೈಸೂರಿನ ಜೌಗು ದಾಖಲೆ ಕಚೇರಿಯಲ್ಲಿ ಯಶೋಧರನ ಕೆಲಸ ದನಿಗಳನ್ನು ತಾಳೆ ನೋಡುವುದು. ನಂಜನಗೂಡಿನವನು, ವಯಸ್ಸು ನಲವತ್ತನಾಲ್ಕು. ರಾಜ್ಯದ ನಾನೂರ ಮೂರು ಕೆರೆಗಳ ಸಾಕ್ಷಿಗಳ ದನಿ ಅವನ ಪರದೆಯ ಮೇಲೆ ಅಂಕಿಗಳಾಗಿ ಬರುತ್ತಿದ್ದವು. ಹೊಂದಿಕೆ ನೂರಕ್ಕೆ ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಂಕಿ ಕೆಂಪಾಗುತ್ತದೆ. ಆಗ ಸಾಕ್ಷಿಗೆ ಫೋನ್ ಮಾಡಿ ವಿಚಾರಿಸಬೇಕು.

ಜನವರಿ 21ರಂದು ಜೇಕಿನಕೊಪ್ಪದ ಅಂಕಿ ಅರವತ್ತೊಂಬತ್ತು. ಯಶೋಧರ ಹಿಂದಿನ ದಿನಗಳನ್ನು ನೋಡಿದ. ಜನವರಿ 4ರವರೆಗೆ ತೊಂಬತ್ತೈದು, ತೊಂಬತ್ತಾರು. ಐದರಿಂದ ಎಪ್ಪತ್ತೆರಡು, ಎಪ್ಪತ್ತೊಂದು. ಪಕ್ಕದ ಕಾಲಂ ಕೂಡ ಕಣ್ಣಿಗೆ ಬಿತ್ತು. ಡಿಸೆಂಬರ್ 1ರಿಂದ ಈವರೆಗಿನ ಐವತ್ತೆರಡೂ ದಿನದ ಉತ್ತರ ಒಂದೇ: ಇಲ್ಲ. ಇನ್ನು ಎಂಟು ದಿನ ಕಳೆದರೆ ಕೆರೆ ಖಾಲಿ.

ಶೀತವೋ ಕೆಮ್ಮೋ ಇರಬೇಕು ಎಂದುಕೊಂಡು ಫೋನ್ ಮಾಡಿದ.

"ನಿಂಬೆವ್ವ ಅವರ ಮನೆಯಾ? ಮೈಸೂರಿಂದ, ಜೌಗು ಕಚೇರಿಯಿಂದ ಮಾತಾಡ್ತಿದೀನಿ."

"ಹೌದ್ರಿ. ನಾ ಅವರ ಮಗಳು, ಹುಲಿಗೆವ್ವ."

"ಅಮ್ಮ ಇದಾರೇನಮ್ಮ?"

"ಇಲ್ಲದಾಳ್ರಿ."

ಯಶೋಧರ ಎದುರಿನ ಹಾಳೆಯಲ್ಲಿ 'ಇಲ್ಲ' ಎಂದು ಬರೆದುಕೊಂಡ. "ಎಲ್ಲಿಗೆ ಹೋಗಿದಾರೆ?"

"ಎಲ್ಲಿಗ್ಯಾಕ ಹೋಗ್ತಾಳ್ರಿ? ಇಲ್ಲದಾಳ ಅಂದ್ನೆಲ್ರಿ."

"ಇಲ್ಲ ಅಂದ್ರೆ... ಯಾವಾಗ ಬರ್ತಾರೆ?"

"ಏನ್ರೀ ಸಾಹೇಬ್ರ, ಮೈಸೂರಾಗಿನ ಕನ್ನಡ ಬ್ಯಾರೆ ಐತೇನ್ರಿ? ಇಲ್ಲೇ. ಅದಾಳ. ಜೇಕು ಕೊಯ್ಯಾಕ ಕೆರ್ಯಾಗ ಇಳದಾಳ. ಇಲ್ಲದಾಳ." ಫೋನ್ ಕಟ್ಟಾಯಿತು.

ಯಶೋಧರ ಹಾಳೆಯ ಮೇಲಿನ ಪದವನ್ನು ನೋಡುತ್ತಾ ಕುಳಿತ. ಇಲ್ಲಿ ಅದಾಳ, ಇಲ್ಲದಾಳ. ಇದ್ದಾಳೆ ಎಂದು ಆಕೆ ಹೇಳಿದ್ದಳು, ಇಲ್ಲ ಎಂದು ಅವನು ಬರೆದಿದ್ದ. ಅದನ್ನು ಹೊಡೆದುಹಾಕಿ, ಡಿಸೆಂಬರ್ 1ರ ದನಿಯನ್ನು ತೆರೆದ. ಗಂಟೆ. ಪ್ರಶ್ನೆ. ಒಂದು ಉಸಿರು. ಆಮೇಲೆ ನಿಂಬೆವ್ವನ ಗಟ್ಟಿ ದನಿ: "ಇಲ್ಲದಾವ."

ಇಲ್ಲಿ ಅದಾವ. ಬರಹಯಂತ್ರ ಮೊದಲ ಎರಡು ಅಕ್ಷರ ಹಿಡಿದು, ಉಳಿದದ್ದನ್ನು ಗಂಟಲು ಸರಿಮಾಡಿಕೊಂಡ ಸದ್ದೆಂದು ಬಿಟ್ಟಿತ್ತು.

ಅವನು ಐವತ್ತೆರಡನ್ನೂ ಕೇಳಿದ. ಎಲ್ಲದರಲ್ಲೂ ಅದೇ ಪದ. ಆದರೆ ಮೊದಲ ಮೂವತ್ತೈದರಲ್ಲಿ ಒಂದು ದಿನ ಆಕಳಿಕೆ, ಒಂದು ದಿನ ಎಲೆಯಡಿಕೆ ಉಗುಳಿದ ಸದ್ದು, ಇನ್ನೊಂದು ದಿನ "ಇಲ್ಲದಾವಪಾ, ದಿನಾ ಅದನ್ನ ಕೇಳ್ತಿ" ಎಂಬ ಬೈಗುಳ. ಕೊನೆಯ ಹದಿನೇಳರಲ್ಲಿ ಅಂಥದ್ದೇನೂ ಇರಲಿಲ್ಲ. ಹದಿನೇಳರ ಉದ್ದವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ. ಇನ್ನೊಂದು ಸಂಗತಿಯನ್ನು ಖಚಿತಪಡಿಸಿಕೊಳ್ಳಲು ಅವನು ಅಲೆಗಳನ್ನು ದೊಡ್ಡದು ಮಾಡಿ ನೋಡಬೇಕಾಯಿತು. ಮಾತಿಗೆ ಮುಂಚೆ ಮನುಷ್ಯರು ಉಸಿರೆಳೆದುಕೊಳ್ಳುತ್ತಾರೆ. ಆ ಹದಿನೇಳು ಉತ್ತರಗಳ ಮುಂಚೆ ಉಸಿರಿರಲಿಲ್ಲ.

ಅವನ ಮೇಲಧಿಕಾರಿ ವತ್ಸಲಾ ಕಡತದಿಂದ ತಲೆಯೆತ್ತದೆ ಕೇಳಿಸಿಕೊಂಡರು.

"ಯಂತ್ರ ತಪ್ಪು ಬರೆದಿದೆ ಅಂತ ನೀವು ಹೇಳಿದ್ರೆ ಆಗಲ್ಲ ಯಶೋಧರ. ಸಾಕ್ಷಿ ಹೇಳಿಕೆನ ಸಾಕ್ಷಿನೇ ತಿದ್ದಬೇಕು. ಹೆಬ್ಬೆಟ್ಟು ಬೇಕು."

"ಆಕೆ ಏನಾದ್ರೂ ತೀರಿಕೊಂಡಿದ್ರೆ ಮೇಡಂ?"

"ಯಾಕೆ ಹಾಗಂತೀರಿ? ಇವತ್ತು ಬೆಳಿಗ್ಗೆ ಮಾತಾಡಿದಾರಲ್ಲ."

"ಒಂದು ವೇಳೆ."

"ಆಗ ವಾರಸುದಾರರು ತಿದ್ದಬಹುದು. ಆದ್ರೆ ಸಾವು ದಾಖಲಾಗಬೇಕು, ಅಷ್ಟೆ. ಆ ಕಂಬದ ಪ್ರಶ್ನೇನೂ ಆಗ ನಿಲ್ಲಿಸ್ತೀವಿ. ಸತ್ತವರನ್ನ ದಿನಾ ಮಾತಾಡಿಸೋಕಾಗುತ್ತಾ?"

*

ಜೇಕಿನಕೊಪ್ಪದಲ್ಲಿ ಹುಲಿಗೆವ್ವ ಫೋನ್ ಕೆಳಗಿಟ್ಟಾಗ ಗಂಡ ಫಕೀರಪ್ಪ ಅಂಗಳದಲ್ಲಿ ಜೇಕು ಸೀಳುತ್ತಿದ್ದ. ಕತ್ತಿ ನಿಲ್ಲಿಸಿ ಹೆಂಡತಿಯ ಮುಖ ನೋಡಿದ.

"ಮಣ್ಣಾಗಿಟ್ಟು ಬಂದಾಕಿನ್ನ ಮತ್ತ ಕೆರ್ಯಾಗ ಇಳಿಸಿದೆಲ್ಲ. ಸರ್ಕಾರದವರಿಗೇ ಸುಳ್ಳು?"

"ಸುಳ್ಳೇನೈತಿ? ದಿನಾ ಮುಂಜಾನೆ ಮಾತಾಡ್ತಾಳ. ನೀನೂ ಕೇಳೀದಿ."

"ಒಂದ ದಿನ ಕೇಳೀನಿ, ಸಾಕಾಗೇತಿ. ಊರ ಹೆಂಗಸ್ರು ಏಳನೇ ಕಂಬದ ಕಡೆ ಕುಡಗೋಲು ಒಯ್ಯೂದ ಬಿಟ್ಟಾರ. ಪಂಚಾಯ್ತಿಗೆ ಹೋಗಿ ಸಾವು ಬರಸು ಅಂದ್ರ ನಾಳೆ, ನಾಡಿದ್ದು ಅಂತಿ."

"ಬರಸಿದ್ರ ಕಂಬ ಬಂದ್ ಮಾಡ್ತಾರ."

"ಮಾಡ್ಲಿ!"

ಹುಲಿಗೆವ್ವ ಒಳಗೆ ಹೋದಳು. ಅರ್ಧ ಹೆಣೆದ ಚಾಪೆ ಗೋಡೆಯ ಬಳಿ ಮಗ್ಗದ ಮೇಲೆ ಹಾಗೇ ಇತ್ತು. ಜನವರಿ 4ರ ಮಧ್ಯಾಹ್ನ ಅವ್ವ ಅದರ ಮುಂದೆ ಕುಳಿತಿದ್ದಾಗಲೇ ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ್ದು. ಮರುದಿನ ಮಣ್ಣು ಮಾಡಿದರು. ಅದರ ಮರುದಿನ ಬೆಳಿಗ್ಗೆ, ಬೇರೇನೂ ತೋಚದೆ, ಹುಲಿಗೆವ್ವ ಕುಡಗೋಲು ಹಿಡಿದು ಕೆರೆಗೆ ಹೋಗಿದ್ದಳು. ಗಂಟೆ ಬಾರಿಸಿತು. ಕಂಬ ಕೇಳಿತು. ಜೇಕಿನೊಳಗೆ ಅವ್ವ ಉತ್ತರ ಕೊಟ್ಟಳು. ಅಂದಿನಿಂದ ಆಕೆ ಒಂದು ದಿನವೂ ತಪ್ಪಿಸಿರಲಿಲ್ಲ. ಕುಡಗೋಲು ಒಯ್ಯುತ್ತಿದ್ದಳು, ಕೊಯ್ಯುತ್ತಿರಲಿಲ್ಲ.

ಅವ್ವ ಉತ್ತರ ಕೊಡುವವರೆಗೆ ಕೆರೆಗೂ ಭಯವಿಲ್ಲ ಎಂದು ಆಕೆ ನಂಬಿದ್ದಳು. ಆ ಉತ್ತರ ಮೈಸೂರಿನಲ್ಲಿ ಏನಾಗಿ ಬರೆಯಲ್ಪಡುತ್ತಿದೆ ಎಂಬುದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

*

ಯಶೋಧರ ಜನವರಿ 22ರ ಸಂಜೆ ಜೇಕಿನಕೊಪ್ಪದ ಬಸ್ ನಿಲ್ದಾಣದಲ್ಲಿ ಇಳಿದ. ನಿಂಬೆವ್ವನ ಮನೆ ಯಾವುದೆಂದು ಕೇಳಿದ್ದು ಚಹಾ ಕುಡಿಯುತ್ತಿದ್ದ ಫಕೀರಪ್ಪನನ್ನೇ.

"ಮನಿ ಅಲ್ಲೈತ್ರಿ," ಎಂದ ಫಕೀರಪ್ಪ. ಲೋಟ ಕೆಳಗಿಟ್ಟ. "ಆದ್ರ ಆಕಿ ಸತ್ತು ಹದಿನೆಂಟು ದಿನಾತು. ನಾ ಆಕಿ ಅಳಿಯ. ನನ್ನ ಹೆಂಡ್ತಿ ಇದನ್ನ ನಿಮಗ ಹೇಳಾಂಗಿಲ್ಲ, ಅದಕ್ಕ ನಾ ಹೇಳಾಕತ್ತೀನಿ."

ಮರುದಿನ ಬೆಳಿಗ್ಗೆ ಆರು ಗಂಟೆಗೆ ಯಶೋಧರ ಕೆರೆಯ ಏರಿಯ ಮೇಲಿದ್ದ. ಹುಲಿಗೆವ್ವ ಆಗಲೇ ಕಂಬದ ಬಳಿ ನಿಂತಿದ್ದಳು. ಇವನನ್ನು ನೋಡಿದರೂ ನೋಡದಂತೆ ಇದ್ದಳು. ಮಂಜಿನಲ್ಲಿ ಜೇಕಿನ ತುದಿಗಳಷ್ಟೇ ಕಾಣುತ್ತಿದ್ದವು.

6.10. ಗಂಟೆ. "ಹಕ್ಕಿ ಇವೆಯೇ?"

"ಇಲ್ಲದಾವ."

ಹೆಡ್‌ಫೋನಿನಲ್ಲಿ ಹತ್ತಾರು ಸಲ ಕೇಳಿದ್ದ ದನಿಯೇ. ಆದರೂ ಯಶೋಧರ ಮಾತಾಡಿದವಳನ್ನು ಹುಡುಕಿ ಜೇಕಿನ ಕಡೆ ನೋಡಿದ. ದನಿ ಬಂದ ಕಡೆ ಒಂದು ಕಾಂಡ ಅಲ್ಲಾಡಿತು, ನಿಂತಿತು. ಅಲ್ಲಿ ಯಾರೂ ಇರಲಿಲ್ಲ; ಇರಲು ಜಾಗವೂ ಇರಲಿಲ್ಲ.

ಅವನು ಆಕೆಯ ಹತ್ತಿರ ಹೋಗಿ, ತನಗೆ ತಿಳಿದದ್ದನ್ನು ಹೇಳಿದ. ಜೇಕುಲಿ ಕೇಳಿದ ದನಿಗಳನ್ನು ಕಲಿಯುವ ಜಾತಿಯ ಹಕ್ಕಿ. ಮಳೆಗಾಲದಲ್ಲಿ ಹುಟ್ಟಿದ ಗಂಡುಮರಿಗಳು ಚಳಿಗಾಲದಲ್ಲಿ ಕೊಕ್ಕು ಮುಚ್ಚಿಕೊಂಡೇ ಮೆಲ್ಲಗೆ ಹಾಡು ಅಭ್ಯಾಸ ಮಾಡುತ್ತವೆ. ಏಳನೇ ಕಂಬದ ಪಕ್ಕದಲ್ಲಿ ಬೆಳೆದ ಮರಿಯೊಂದು ದಿನವೂ ಗಂಟೆಯ ಬೆನ್ನಿಗೆ ಒಂದು ಪದವನ್ನು ಕೇಳಿದೆ. ಅದನ್ನು ಕಲಿತಿದೆ. ಹೇಳುವವಳು ನಿಂತ ಮೇಲೆ ಗಂಟೆಗೆ ತಾನೇ ಉತ್ತರ ಕೊಡುತ್ತಿದೆ. ದನಿ ಮನುಷ್ಯರದಾದ್ದರಿಂದ ಕಂಬದ ಹಕ್ಕಿ ಕಿವಿ ಅದನ್ನು ಬಿಟ್ಟು, ಮನುಷ್ಯ ಕಿವಿ ಹಿಡಿದಿದೆ.

"ನೀವು ನೋಡೀರೇನ್ರಿ, ಹಕ್ಕಿ ಅನ್ನಾದನ್ನ?" ಎಂದಳು ಹುಲಿಗೆವ್ವ.

"ಇಲ್ಲ. ನೋಡಿಲ್ಲ."

"ಮತ್ತ?"

ಅವನು ಬರಹಯಂತ್ರದ ಸಂಗತಿ ತಿಳಿಸಿದ. ಐವತ್ನಾಲ್ಕು ದಿನ 'ಇಲ್ಲ' ಎಂದು ಬರೆದಿದೆ. 29ಕ್ಕೆ ಅರವತ್ತು ತುಂಬುತ್ತದೆ. 30ರ ಬೆಳಿಗ್ಗೆ ತೂಬು ತೆರೆಯುತ್ತಾರೆ.

ಹುಲಿಗೆವ್ವ ಮೊದಲ ಸಲ ಅವನ ಕಡೆ ತಿರುಗಿದಳು. "ನಮ್ಮವ್ವ ದಿನಾ ಥಂಡ್ಯಾಗ ನಿಂತು ಅದಾವ, ಅದಾವ ಅಂತ ಹೇಳ್ಯಾಳ. ನೀವು ಇಲ್ಲ ಅಂತ ಬರಕೊಂಡೀರಿ?"

"ಯಂತ್ರ ಬರೆದದ್ದು."

"ಯಂತ್ರಕ್ಕ ಮಾತು ಕಲಿಸಿದವರು ಯಾರ್ರಿ? ಅದಕ್ಕ ನಮ್ಮೂರ ಒಂದು ಕೂಸಿನ ಮಾತರೆ ಕೇಳಿಸಿದ್ರೇನು?"

ಯಶೋಧರ ತಾನೂ ಫೋನಿನಲ್ಲಿ ಅದೇ ತಪ್ಪು ಮಾಡಿದ್ದನ್ನು ಹೇಳಿದ. ಆಕೆಗೆ ನಗು ಬರಬಹುದೆಂದುಕೊಂಡಿದ್ದ. ಬರಲಿಲ್ಲ.

ತಿದ್ದಲು ಏನು ಬೇಕೆಂದು ಹೇಳಿದ. ಸಾವು ದಾಖಲಾಗಬೇಕು. ಅವ್ವ ಹೇಳಿದ್ದರ ಅರ್ಥ ಇದು ಎಂದು ಮಗಳು ಹೆಬ್ಬೆಟ್ಟು ಒತ್ತಬೇಕು. ದಾಖಲಾದ ದಿನವೇ ಕಂಬದ ಗಂಟೆ ನಿಲ್ಲುತ್ತದೆ.

"ಅಂದ್ರ ಆಕಿ ಬಾಯಿ ಮುಚ್ಚಿಸ್ತೀರಿ. ಅದೂ ನನ್ನ ಕೈಲೆ."

"ನಾನು ನಾಳೆವರೆಗೂ ಇಲ್ಲೇ ಇರ್ತೀನಿ," ಎಂದ ಯಶೋಧರ. ಆಕೆ ಕುಡಗೋಲನ್ನು ಹೆಗಲಿಗೆ ಹಾಕಿಕೊಂಡು ಹೋದಳು.

ಅಂದು ಇಡೀ ದಿನ ಹುಲಿಗೆವ್ವ ಮಗ್ಗದ ಮುಂದೆ ಕುಳಿತಿದ್ದಳು, ಒಂದು ಎಳೆಯನ್ನೂ ಹಾಕದೆ. ಸಂಜೆ ಫಕೀರಪ್ಪ ಬಂದು ಪಕ್ಕದಲ್ಲಿ ಕುಳಿತ.

"ನೀರು ಹೋದ್ರ ಜೇಕು ಹೋತು. ಜೇಕು ಹೋದ್ರ ನಾವು ಯಾವ ಊರಿಗೆ ಹೋಗೂನು, ನೀನ ಹೇಳು."

"ನೀರು ಹೋಗಾಕ ನಾ ಬಿಡಾಂಗಿಲ್ಲ."

"ಮತ್ತೇನ್ ಯೋಚನಿ ಮಾಡಾಕತ್ತಿ?"

"ಒಳಗಿರಾಕಿ ಅವ್ವನೋ ಅಲ್ಲೋ ಅಂತ."

ಜೇಕಿನೊಳಗೆ ಇಳಿದವರಿಗೆ ಎರಡು ಮಾರು ದೂರದವರೂ ಕಾಣುವುದಿಲ್ಲ. ಕುಡಗೋಲು ತಗುಲಬಾರದೆಂದು, ದಾರಿ ತಪ್ಪಬಾರದೆಂದು ಕೊಯ್ಯುವ ಹೆಂಗಸರು ಆಗಾಗ ಒಬ್ಬರನ್ನೊಬ್ಬರು ಕೂಗುತ್ತಾರೆ. "ಎಲ್ಲದಿ?" ಎಂದು ಒಬ್ಬಳು. "ಇಲ್ಲದೀನಿ" ಎಂದು ಇನ್ನೊಬ್ಬಳು. ಆ ಮಾತಿಗೆ ಉತ್ತರ ಕೊಡದೆ ಇರುವಂತಿಲ್ಲ. ಹುಲಿಗೆವ್ವ ಹತ್ತು ವರ್ಷದವಳಿದ್ದಾಗಿನಿಂದ ಅವ್ವನನ್ನು ಹಾಗೆ ಕೂಗಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಅವ್ವ ಒಮ್ಮೆಯೂ ಬೇರೆ ಉತ್ತರ ಕೊಟ್ಟಿರಲಿಲ್ಲ.

*

ಜನವರಿ 24, ಬೆಳಿಗ್ಗೆ 6.10. ಗಂಟೆ. ಪ್ರಶ್ನೆ. "ಇಲ್ಲದಾವ."

ಹುಲಿಗೆವ್ವ ಸೀರೆ ಎತ್ತಿಕಟ್ಟಿ ನೀರಿಗೆ ಇಳಿದಳು. ಮೊಣಕಾಲು, ತೊಡೆ, ಸೊಂಟ. ಯಶೋಧರ ಏರಿಯ ಮೇಲೆ ನಿಂತಿದ್ದ. ಇಪ್ಪತ್ತು ಹೆಜ್ಜೆಯಲ್ಲಿ ಜೇಕು ಆಕೆಯ ಹಿಂದೆ ಮುಚ್ಚಿಕೊಂಡಿತು. ಆಮೇಲೆ ಅವನಿಗೆ ಕೇಳಿಸಿದ್ದು ದನಿಗಳಷ್ಟೇ.

"ಎಲ್ಲದಿ, ಅವ್ವಾ?"

ಏನೂ ಇಲ್ಲ. ನೀರಿನ ಸದ್ದು.

"ಅವ್ವಾ, ಎಲ್ಲದಿ?"

"ಇಲ್ಲದಾವ," ಎಂದಿತು ಜೇಕು.

ಬಹಳ ಹೊತ್ತಾಯಿತು. ಮೂರನೇ ಸಲ ಆಕೆಯ ದನಿ ಸಣ್ಣದಾಗಿತ್ತು, ಮಕ್ಕಳು ಕರೆದಂತೆ. "ಎಲ್ಲದಿ?"

"ಇಲ್ಲದಾವ."

ಆಮೇಲೆ ಆಕೆ ಕೂಗಲಿಲ್ಲ. ಯಶೋಧರ ಗಡಿಯಾರ ನೋಡಿಕೊಂಡ: ಹನ್ನೊಂದು ನಿಮಿಷ. ಜೇಕು ಸರಿದು ಹುಲಿಗೆವ್ವ ಹೊರಗೆ ಬಂದಳು. ಏರಿ ಹತ್ತಿ ಸೆರಗು ಹಿಂಡಿದಳು.

"ಕಂಡಿತ್ರಿ," ಎಂದಳು. "ಎರಡು ಕಡ್ಡಿ ನಡುವ ಕಾಲು ಚಾಚಿ ಕುಂತೈತಿ. ಬಾಯಿ ಸುದ್ದಾ ತೆರಿಯಾಂಗಿಲ್ಲ. ಕುತ್ತಿಗಿ ಅಷ್ಟ ಅಲಗ್ತೈತಿ. ನನ್ನ ಹೆಬ್ಬೆಟ್ಟಿನಷ್ಟು ಐತಿ ನೋಡ್ರಿ."

ಯಶೋಧರ ಕರವಸ್ತ್ರ ತೆಗೆದುಕೊಟ್ಟ.

"ಅವ್ವ ಆಗಿದ್ರ ಇಲ್ಲದೀನಿ ಅಂತಿದ್ಲು. ನಾ ಕರದ್ರ ಅನ್ನದ ಬಿಡ್ತಿರಲಿಲ್ಲ." ಕೈ ಚಾಚಿದಳು: "ಕಾಗದ ಎಲ್ಲೈತ್ರಿ?"

ಒದ್ದೆ ಕೈಯನ್ನು ಅವನ ಕರವಸ್ತ್ರದಲ್ಲಿ ಒರೆಸಿಕೊಂಡು, ಏರಿಯ ಕಲ್ಲಿನ ಮೇಲೆಯೇ ಹೆಬ್ಬೆಟ್ಟು ಒತ್ತಿದಳು. ಮಧ್ಯಾಹ್ನ ಪಂಚಾಯ್ತಿಯಲ್ಲಿ ಸಾವು ದಾಖಲಾಯಿತು. ಮರುದಿನ 6.10ಕ್ಕೆ ಗಂಟೆ ಬಾರಿಸಲಿಲ್ಲ. ಹುಲಿಗೆವ್ವ ಅಲ್ಲಿದ್ದಳು. ಜೇಕಿನಿಂದ ಯಾವ ದನಿಯೂ ಬರಲಿಲ್ಲ.

*

ತಿದ್ದುಪಡಿ ಜನವರಿ 27ರಂದು ಒಪ್ಪಿಗೆಯಾಯಿತು. ನಿಂಬೆವ್ವ ಬದುಕಿದ್ದಾಗ ಕೊಟ್ಟ ಮೂವತ್ತೈದು ಉತ್ತರಗಳು 'ಇಲ್ಲ'ದಿಂದ 'ಇವೆ'ಗೆ ಬದಲಾದವು. ಆ ನಂತರದ ಇಪ್ಪತ್ತನ್ನು ಸಾಕ್ಷಿ ಮನುಷ್ಯರಲ್ಲವೆಂಬ ಕಾರಣಕ್ಕೆ ರದ್ದು ಮಾಡಲಾಯಿತು.

"ಹಕ್ಕಿ ಇದೆ ಅಂತ ಹಕ್ಕಿನೇ ಹೇಳಿದ್ರೂ ಸಾಲದಾ ಮೇಡಂ?" ಎಂದ ಯಶೋಧರ.

"ಕಾಯ್ದೆಯಲ್ಲಿ ಸಾಕ್ಷಿ ಅಂದ್ರೆ ವ್ಯಕ್ತಿ," ಎಂದರು ವತ್ಸಲಾ. ಸಹಿ ಹಾಕಿ, ಕಡತ ಬದಿಗಿಟ್ಟರು. "ಒಂದ್ಸಲ ಕೇಳಿಸಿ ಅದನ್ನ. ಮೊದಲು ಆಕೇದು. ಆಮೇಲೆ ಇದು."

ಅವನು ಕೇಳಿಸಿದ. ಅವರು ಎರಡನೆಯದನ್ನು ಅರ್ಧಕ್ಕೇ ನಿಲ್ಲಿಸಲು ಹೇಳಿದರು.

ಜನವರಿ 30ರಂದು ತೂಬು ತೆರೆಯಲಿಲ್ಲ. ಫೆಬ್ರುವರಿ 1ರಿಂದ ಹುಲಿಗೆವ್ವ ಹೊಸ ಸಾಕ್ಷಿಯಾದಳು. ಕಂಬದ ಬದಲು ಫೋನಿನಲ್ಲಿ ಉತ್ತರ ಕೊಡಬೇಕು, 'ಇವೆ' ಅಥವಾ 'ಇಲ್ಲ' ಎಂದಷ್ಟೇ ಹೇಳಬೇಕು ಎಂದು ಕಚೇರಿ ಪತ್ರ ಬರೆಯಿತು. ಆಕೆ ಮೊದಲ ದಿನ "ಅದಾವ" ಎಂದಳು, ಎರಡನೇ ದಿನವೂ "ಅದಾವ" ಎಂದಳು. ಯಶೋಧರ ಆ ಪದವನ್ನು ಬರಹಯಂತ್ರಕ್ಕೆ ಸೇರಿಸಿದ. ಅರ್ಧ ಹೆಣೆದ ಚಾಪೆಯನ್ನು ಆಕೆ ಮಾರ್ಚ್‌ನಲ್ಲಿ ಮುಗಿಸಿದಳು; ಮಾರಲಿಲ್ಲ.

ಏಳನೇ ಕಂಬದ ಕಿವಿಗಳು ಕೆಲಸ ಮಾಡುತ್ತಲೇ ಇದ್ದವು. ಅದರೊಳಗಿದ್ದ ನಿಂಬೆವ್ವನ ದನಿಗುರುತನ್ನು ಅಳಿಸಲು ಯಾರಿಗೂ ನೆನಪಾಗಲಿಲ್ಲ.

ಜೂನ್ 14ರ ಬೆಳಿಗ್ಗೆ 5.48ಕ್ಕೆ ಕಂಬದಲ್ಲಿ ಆ ವರ್ಷದ ಮೊದಲ ಹಾಡು ದಾಖಲಾಯಿತು. ಹಾಡಿನ ಅವಧಿ ನಾಲ್ಕು ಸೆಕೆಂಡು. ಯಂತ್ರ ಅದನ್ನು ಎರಡು ತುಂಡು ಮಾಡಿ, ಮೊದಲ ಮೂರು ಸೆಕೆಂಡನ್ನು ಹಕ್ಕಿಗಳ ಪಟ್ಟಿಗೆ ಸೇರಿಸಿತು. ಕೊನೆಯ ಒಂದು ಸೆಕೆಂಡನ್ನು ಮನುಷ್ಯರ ಪಟ್ಟಿಗೆ ಸೇರಿಸಿ, ಎದುರಿಗೆ ನಿಂಬೆವ್ವ ಬಾರಕೇರ ಎಂದು ಬರೆಯಿತು.